ಅಳಿಸಿದ ಡೈರಿ, ನೀಲಿ ಶರ್ಟು

"ನನ್ ಡೈರಿ ಓದಿದ್ರಾ?"

ಶನಿವಾರ, ಸಂತೆ ದಿನ, ಅಂಗಡಿ ತುಂಬ ಜನ. ವಿನುತಾ ಕೇಳಿದ್ದು ಮೆಲ್ಲಗೇ. ಆದ್ರೂ ನಮ್ಮ ಪ್ರಸಾದನ ಕೈಲಿದ್ದ ಯಾರ್ದೋ ಆಧಾರ್ ಕಾರ್ಡು ಕೆಳಗೆ ಬಿತ್ತು. ಅಷ್ಟು ಸಾಕಲ್ವಾ, ಓದಿದಾನೆ ಅಂತ ಗೊತ್ತಾಗೋಕೆ?

"ನಾಲ್ಕು ಸಾಲು..." ಅಂದ.

ನಾನು ಅವ್ನ ಸೋದರತ್ತೆ. ಶನಿವಾರಸಂತೆ ಬಸ್‌ಸ್ಟ್ಯಾಂಡ್ ಹಿಂದೆ ಅವ್ನ ಕಂಪ್ಯೂಟರ್ ಅಂಗಡಿ. ಮನೇಲಿ ಹೊತ್ತು ಹೋಗಲ್ಲ, ದಿನಾ ಅಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ. ಸ್ವಲ್ಪ ಹಿಂದಿಂದ ಹೇಳ್ತೀನಿ ಕೇಳಿ.

ಈ ಹುಡುಗಿ ಕಾಫಿ ಎಸ್ಟೇಟಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣಿನ ತೂಕ ಬರ್ಯೋ ಕೆಲ್ಸ. ಫೋನು ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮಿಷನ್ ತೊಟ್ಟಿಗೆ ಬಿದ್ದು ಸತ್ತೋಗಿತ್ತು. ಅದ್ರಲ್ಲಿ ಒಂದು ಆ್ಯಪಲ್ಲಿ ಬರೀತಿದ್ದ ಡೈರಿನ, ಅದೇ ಖಾತೆ ತೆಗೆದು, ಶನಿವಾರ ಶನಿವಾರ ನಮ್ಮಂಗಡಿ ಕಂಪ್ಯೂಟರಲ್ಲಿ ಬರ್ಯೋಕೆ ಶುರು ಮಾಡಿದ್ಲು. ಒಂದ್ ಶನಿವಾರ ಬಸ್ಸು ಹಾರನ್ ಹೊಡೀತು, ಮುಚ್ಚದೇ ಓಡಿದ್ಲು. ಇವ್ನು ಮುಚ್ಚೋಕೆ ಹೋದ. ಪರದೆ ಮೇಲೆ ತನ್ನ ಹೆಸ್ರೇ ಕಂಡ್ರೆ ಯಾರ್ ಸುಮ್ನಿರ್ತಾರೆ?

'ಪ್ರಸಾದ್ ಇವತ್ತು ನೀಲಿ ಶರ್ಟ್ ಹಾಕಿದ್ರು. ಅವ್ರು ಎದುರಿಗಿದ್ರೆ ನಂಗೆ ಒಂದಕ್ಷರ ಟೈಪ್ ಆಗಲ್ಲ...'

ಈ ದಡ್ಡ ಏನ್ ಮಾಡ್ದ? ಆ ವಾರ ಅವ್ಳು ಎಸ್ಟೇಟ್ ಕಾಗದದ ಜೆರಾಕ್ಸಿಗೆ ಅಂತ ಬಂದ ಸೋಮವಾರ, ಬುಧವಾರ, ಮತ್ತೆ ಈ ಶನಿವಾರ, ಅದೇ ನೀಲಿ ಶರ್ಟು. ಒಗೆದು, ಇಸ್ತ್ರಿ ಹಾಕಿ. ಹುಡುಗಿ ಏನು ಪೆದ್ದಿನಾ?

"ತಪ್ಪು ನಂದೇ." ವಿನುತಾ ಕಂಪ್ಯೂಟರ್ ಕಡೆ ತಿರುಗಿದ್ಲು. "ಲಾಗೌಟ್ ಮಾಡೋದು ಬಳಸೋರ ಜವಾಬ್ದಾರಿ ಅಂತ ಆ ಆ್ಯಪ್ ನಿಯಮದಲ್ಲೇ ಇದೆ. ಓದದೇ ಇರೋದು ಯಾರ ಜವಾಬ್ದಾರಿ ಅಂತ ಮಾತ್ರ ಬರ್ದಿಲ್ಲ."

ಅಲ್ಲೇ ಕೂತು ಖಾತೆನೇ ಅಳಿಸಿಬಿಟ್ಲು. ಮೂವತ್ತು ದಿನದೊಳಗೆ ಬಂದ್ರೆ ವಾಪಸ್ ಸಿಗುತ್ತೆ, ಆಮೇಲೆ ಕಂಪ್ನಿಯೋರಿಗೂ ಆಗಲ್ಲ ಅಂತ ಪರದೇಲಿ ಬಂತು. ಒತ್ತಿದ್ಲು, ಎದ್ದು ಹೋದ್ಲು.

ಅವ್ಳು ಹೋದ್ಮೇಲೆ ಇವ್ನು ಬಾಯ್ಬಿಟ್ಟ. "ಅತ್ತೆ, ಅವತ್ತು ಓದಿ ಸುಮ್ನಿರ್ಲಿಲ್ಲ. ಕೆಳಗೆ ನಾನೂ ಬರ್ದಿದ್ದೆ. ಅವ್ರಿನ್ನೂ ನೋಡಿಲ್ಲ."

"ಓಡೋಗಿ ಹೇಳೋ."

"ಇನ್ನೊಬ್ರ ಡೈರಿಲಿ ಬರ್ದೆ ಅಂತ ಹೆಂಗ್ ಹೇಳ್ಲಿ?"

ನಾನ್ ಹೇಳ್ತೀನಿ ಅಂದ್ರೆ ಬೇಡ ಅಂತ ಆಣೆ ಹಾಕಿಸ್ಕೊಂಡ. ಊರೋರ ಅರ್ಜಿನೆಲ್ಲ ಬರ್ಕೊಡೋ ಗಂಡು, ತನ್ನದೊಂದು ಮಾತಿಗೆ ಬಾಯಿಲ್ಲ. ಅವ್ಳು ಅಂಗಡಿ ಕಡೆ ಬರ್ಲೇ ಇಲ್ಲ, ಇವ್ನು ದಿನ ಎಣಿಸ್ತಾ ಕೂತ. ಇಪ್ಪತ್ತೆಂಟನೇ ದಿನ ಎಸ್ಟೇಟಿಗೂ ಹೋದ. ಅವ್ಳು ಹಣ್ಣು ತೂಗಿಸ್ತಿದ್ಲು, ಸುತ್ತ ಆಳುಗಳು.

"ಏನ್ ಬಂದ್ರಿ?"

"ಜೆರಾಕ್ಸ್... ಏನಾದ್ರೂ ಇತ್ತಾ ಅಂತ."

ಆಳುಗಳು ನಕ್ರು. ಹನ್ನೆರಡು ಕಿಲೋಮೀಟರ್ ಹೋಗಿ ಜೆರಾಕ್ಸ್ ಕೇಳ್ಕೊಂಡು ಬಂದ, ನೋಡಿ.

ಆಮೇಲೆ ನಾಲ್ಕು ದಿನಕ್ಕೆ ವಿನುತಾ ನಂಗೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಲು. ಆಣೆ ಹಾಳಾಗ್ಲಿ ಅಂತ ಎಲ್ಲ ಹೇಳ್ದೆ. ಮುಖ ಬಿಳುಚಿಕೊಳ್ತು. ನೆಟ್ಟಗೆ ಅಂಗಡಿಗೆ ಬಂದ್ಲು.

ಪಾಸ್‌ವರ್ಡ್ ಹೊಡದ್ಲು. ಖಾತೆ ಇಲ್ಲ ಅಂತು. ಮತ್ತೆ ಹೊಡದ್ಲು. ಇಲ್ಲ. ಮೂರನೇ ಸಲ ಒಂದೊಂದೇ ಅಕ್ಷರ ನೋಡಿ ಹೊಡದ್ಲು. ಇಲ್ಲ.

"ಅಮ್ಮ ಆಸ್ಪತ್ರೇಲಿದ್ದ ಕೊನೇ ಹದಿನೇಳು ದಿನ ಅದ್ರಲ್ಲಿತ್ತು..." ಅಂದ್ಲು. "ಸಿಟ್ಟಲ್ಲಿ ಆ ಡೈರಿ ಸುದ್ದಿನೇ ಬೇಡ ಅಂತಿದ್ದೆ, ನೆನಪೇ ಆಗ್ಲಿಲ್ಲ."

"ಅವತ್ತು ಎಸ್ಟೇಟಲ್ಲೇ ನಾನು ಬಾಯಿ ಬಿಟ್ಟಿದ್ರೆ..." ಅಂದ ಪ್ರಸಾದ. "ಕಂಪ್ನಿಗೆ ಬರೀಲಾ?"

"ಅವ್ರಿಗೂ ಆಗಲ್ಲ ಅಂತ ಮೊದ್ಲೇ ಹೇಳಿದ್ರಲ್ಲ."

ಹೋಗಿದ್ದು ಹೋಯ್ತು. ಏನ್ ಮಾಡೋಕಾಗುತ್ತೆ? ವಿನುತಾ ಇವ್ನ ಕಡೆ ತಿರುಗಿದ್ಲು.

"ನೀವೇನ್ ಬರ್ದಿದ್ರಿ?"

ಅವ್ನ ಕೈ ಕೀಬೋರ್ಡಿಗೆ ಹೋಯ್ತು. ಅವ್ಳು ಅದನ್ನ ತನ್ನ ಕಡೆ ಎಳ್ಕೊಂಡ್ಲು.

"ಬಾಯಲ್ಲಿ ಹೇಳಿ."

"ನಾಲ್ಕು ಸಾಲು ಓದಿದೀನಿ, ತಪ್ಪಾಯ್ತು. ಐದನೇದು ಓದಿಲ್ಲ. ನೀವು ಬರೋ ಶನಿವಾರಕ್ಕೆ ವಾರ ಪೂರ್ತಿ ಕಾಯ್ತೀನಿ... ಅಂತ."

"ಈಗ?"

"ಈಗ್ಲೂ ಕಾಯ್ತಾನೇ ಇದೀನಿ."

ಅವ್ಳು ಕಣ್ಣೊರೆಸ್ಕೊಂಡ್ಲು. "ಅಮ್ಮನ ಆ ಹದಿನೇಳು ದಿನ... ನೆನಪಿರೋಷ್ಟು ಹೇಳ್ತೀನಿ. ಕೇಳಿಸ್ಕೋತೀರಾ?"

"ಹೇಳಿ."

"ಇವತ್ತಾಗಲ್ಲ. ಶನಿವಾರ ಬರ್ತೀನಿ. ಆ ನೀಲಿ ಶರ್ಟ್ ಎಲ್ಲಿ?"

"ಎತ್ತಿಟ್ಟಿದೀನಿ."

"ಹಾಕ್ಕೊಂಡಿರಿ."