ಅರವತ್ತರ ವೇಗದ ಕಾರು

ಮಾವ ಸ್ಟುಡಿಯೋದ ಬೀಗದ ಕೈಯನ್ನು ಹಿರಿಯ ಅಳಿಯನಿಗೆ ಕೊಟ್ಟ ದಿನ ಕಿರಿಯ ಅಳಿಯನ ಹೊಟ್ಟೆಗೆ ಬಿದ್ದ ಬೆಂಕಿಯಲ್ಲಿ ಒಂದಿಡೀ ಊರಿಗೆ ಅಡುಗೆ ಮಾಡಬಹುದಿತ್ತು. ಹನ್ನೊಂದು ವರ್ಷ ವಿಡಿಯೋ ಎಡಿಟ್ ಮಾಡಿ ಬೆನ್ನು ಬಿಲ್ಲಾದದ್ದು ಇವನದು. ಆ ಷಡ್ಡಕನೋ, ಕ್ಯಾಮೆರಾದ ಮುಚ್ಚಳ ತೆಗೆಯದೆ ಮೂರು ಮದುವೆ ಶೂಟ್ ಮಾಡಿದ ಮಹಾನುಭಾವ. ಅರ್ಧ ಚಹಾ ಕುಡಿದು ಲೋಟ ಎಲ್ಲಿಟ್ಟೆನೆಂದು ಊರೆಲ್ಲ ಹುಡುಕುವವನು. ಅವನು ಕಾರು ಓಡಿಸಿದರೆ ಆಮೆಗಳು ಹಿಂದಿನಿಂದ ಬಂದು ಬೈದು ಮುಂದೆ ಹೋಗುತ್ತಿದ್ದವು.

ಅಂಥ ಕಾರಿಗೇ ಮೊನ್ನೆ ಮಧ್ಯಾಹ್ನ ಎದುರಂಗಡಿಯ ದರ್ಜಿ ಫೋನು ನೋಡುತ್ತ ಅಡ್ಡ ಬಂದು, ಬಿದ್ದು ಕಾಲು ಮುರಿದುಕೊಂಡ. ಬಿದ್ದ ಪೆಟ್ಟಿಗೆ ಅವನಿಗೆ ಒಂದೂ ನೆನಪಿಲ್ಲ. ಇದ್ದ ಸಾಕ್ಷಿ ಸ್ಟುಡಿಯೋ ಬಾಗಿಲ ಮೇಲಿನ ಕ್ಯಾಮೆರಾ ಮಾತ್ರ. ಅದರಲ್ಲೂ ಡಿಕ್ಕಿ ಸೆರೆಯಾಗಿರಲಿಲ್ಲ. ಕಾರು ಮರದ ನೆರಳಲ್ಲಿ ಸಾಗುವುದಷ್ಟೇ ಇತ್ತು. ಇನ್ಸ್‌ಪೆಕ್ಟರಮ್ಮ ಆ ವಿಡಿಯೋ ತರಲು ಹೇಳಿಕಳಿಸಿದ್ದರು.

ಷಡ್ಡಕ ಬೆವರುತ್ತ ಬಂದು ಇವನ ಭುಜ ಹಿಡಿದ. "ನೀನೇ ಕಾಪಾಡ್ಬೇಕು ಕಣೋ. ನಾನು ಹತ್ತರ ಮೇಲೆ ಹೋಗಿರ್ಲಿಲ್ಲ, ಅದರಲ್ಲಿ ಕಾಣುತ್ತೆ ಅಲ್ವಾ?"

"ಚೆನ್ನಾಗಿ ಕಾಣೋ ಹಾಗೆ ಮಾಡ್ತೀನಿ ಭಾವ. ಚಿಂತೆ ಬಿಡಿ."

ಹೀಗೆಂದು ಅವನನ್ನು ಸಾಗಹಾಕಿದ. ಕಂಪ್ಯೂಟರ್ ಮುಂದೆ ಕೂತ. ಮೊದಲು ನಡುನಡುವಿನ ಫ್ರೇಮುಗಳನ್ನು ಕತ್ತರಿಸಿ ಹತ್ತರ ವೇಗವನ್ನು ಅರವತ್ತಕ್ಕೆ ಏರಿಸಿದ. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ, ಮರದ ಎಲೆ ಅಲುಗಿರಲಿಲ್ಲ. ಗುಟ್ಟು ಬಿಟ್ಟುಕೊಡುವ ಬೇರೆ ಚಲನೆಯೇ ಇಲ್ಲ. ವೇಗದ ಗಾಡಿ ಮಸುಕಾಗಿ ಕಾಣಬೇಕಷ್ಟೇ. ನೆರಳಿನ ಕತ್ತಲಲ್ಲೇ ಕಾರಿನ ಅಂಚಿನ ಗುಂಟ, ಕೂದಲೆಳೆಯಷ್ಟೂ ಆಚೆ ಜಾರದಂತೆ ಗೆರೆ ಎಳೆದು, ಅದರೊಳಗೆ ಮಾತ್ರ ಮೋಷನ್ ಬ್ಲರ್ ತುಂಬಿದ. ಅಂಥ ಗೆರೆ ಎಳೆಯುವ ಕೈ ಭೂಮಂಡಲದಲ್ಲಿ ಎರಡನೆಯದಿಲ್ಲ ಎಂಬುದು ಅವನದೇ ತೀರ್ಪು.

ಆಗ ಹೆಂಡತಿ ಫೋನು ಮಾಡಿದಳು. ಅಕ್ಕ ಎರಡು ದಿನದಿಂದ ತುತ್ತು ನುಂಗಿಲ್ಲವಂತೆ, ಭಾವನನ್ನು ಜೈಲಿಗೆ ಹಾಕಿದರೆ ಗತಿಯೇನೆಂದು ಅಳುತ್ತಿದ್ದಾಳಂತೆ. ಮಾಡಿದ್ದನ್ನೆಲ್ಲ ಅಳಿಸಲು ಇವನು ಮೌಸ್ ಸರಿಸಿದ. ಬೀಗದ ಕೈ ಕಣ್ಣ ಮುಂದೆ ಬಂತು, ಅಳಿಸದೆ ಬಿಟ್ಟ. ಓಡಿಸಿದವನು ಯಾರೆಂಬ ಅನುಮಾನವೂ ಉಳಿಯದಿರಲಿ ಎಂದು ಕೊನೆಗೆ ಎಕ್ಸ್‌ಪೋಷರ್ ಏರಿಸಿದ. ನೆರಳು ಕರಗಿ, ಷಡ್ಡಕನ ಬೋಳು ತಲೆ ಸವರಿದ ಬೆಣ್ಣೆಯಂತೆ ಕಿಟಕಿಯುದ್ದಕ್ಕೂ ಹರಡಿಕೊಂಡಿತು. ಕಣ್ಣೆಲ್ಲ ಆ ತಲೆಯ ಮೇಲೇ ನೆಟ್ಟು ಹತ್ತು ಸಲ ನೋಡಿ ಹಿಗ್ಗಿದ.

ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮ ಒಮ್ಮೆ ನೋಡಿದರು. "ಏನಾದ್ರೂ ತಿದ್ದಿದೀರಾ?"

"ಬರೀ ಬೆಳಕು ಹೆಚ್ಚಿಸಿದೀನಿ ಮೇಡಂ. ಎಲ್ಲಾ ಸ್ಪಷ್ಟವಾಗಿ ಕಾಣ್ಲಿ ಅಂತ."

"ಕಾಣ್ತಿದೆ," ಎಂದು ಚಿತ್ರ ನಿಲ್ಲಿಸಿ, ಪರದೆಯನ್ನು ಅವನತ್ತ ತಿರುಗಿಸಿದರು. ಕಾರು ಬಿರುಗಾಳಿಯಂತೆ ಹಾರುವ ಹಾಗೆ ಮಸುಕಾಗಿತ್ತು. ಅದರ ನೆತ್ತಿಯ ಮೇಲೆ, ಅವನು ಎಳೆದ ಗೆರೆಯಿಂದ ಕೂದಲೆಳೆಯಷ್ಟು ಆಚೆ, ಒಂಚೂರೂ ಮಸುಕಾಗದೆ ಫಳಫಳ ಹೊಳೆಯುತ್ತ, ಷಡ್ಡಕ ಮರೆತಿಟ್ಟ ಚಹಾ ಲೋಟ ಅಲುಗಾಡದೆ ನಿಂತಿತ್ತು.