ಬಾಡಿಗೆ ಮಾವ

ಮಾವ ಹೋಗಿಬಿಟ್ಟರು. ವಯಸ್ಸಾಗಿತ್ತು, ಹೋಗಲಿ. ಆದರೆ ಜಮೀನು ಕಚೇರಿಯ ಮೇಡಂ ಬಂದು ಹೋಗುವ ತನಕವಾದರೂ ಜೀವ ಹಿಡಿದುಕೊಳ್ಳಬಾರದಿತ್ತೆ? ಬೆಳಿಗ್ಗೆ ಕಾಫಿ ಲೋಟ ಹಿಡಿದು ಎಬ್ಬಿಸಲು ಹೋದ ಅಳಿಯ, ತಣ್ಣಗಾದ ಕೈ ಮುಟ್ಟಿ, ಅಳುವುದಕ್ಕೆ ಮೊದಲೇ ಮುದುಕನ ಮೇಲೆ ರೇಗಿದ. ಆಮೇಲೆ ಅತ್ತ. ಅತ್ತಿದ್ದು ಯಾರಿಗಾಗಿ ಅಂತ ಅವನಿಗೇ ಸರಿಯಾಗಿ ಗೊತ್ತಾಗಲಿಲ್ಲ.

ಯಾಕೆಂದರೆ ಕಾಲ ಕೆಳಗಿನ ನೆಲ ಸರ್ಕಾರದ್ದು. ಕಾಲುವೆ ಪಕ್ಕದ ಬಯಲನ್ನು ತುಂಡು ತುಂಡು ಮಾಡಿ, ತುಂಡಿಗೊಂದು ಎರಡು ಕೋಣೆಯ ಮನೆ ಕಟ್ಟಿ, ಭೂಮಿ ಇಲ್ಲದವರಿಗೆ ಗೇಣಿಗೆ ಕೊಟ್ಟಿದ್ದರು. ಎಲ್ಲರ ಬಾಯಲ್ಲೂ ಅದು ‘ತುಂಡು’. ಗೇಣಿದಾರ ಕಣ್ಣು ಮುಚ್ಚಿದರೆ ತುಂಡು ವಾಪಸ್, ಮನೆಯವರು ಗಂಟುಮೂಟೆ ಕಟ್ಟಬೇಕು. ಈ ವರ್ಷ ಸರ್ಕಾರಕ್ಕೆ ಅದ್ಯಾಕೋ ಕರುಣೆ ಬಂದಿತ್ತು. ಗೇಣಿದಾರ ಮೇಡಂ ಎದುರು ಕೂತು ತನ್ನ ಬಾಯಿಂದಲೇ ‘ನನ್ನ ನಂತರ ಇಂಥವರಿಗೆ’ ಅಂದರೆ ಸಾಕು, ತುಂಡು ಅವರದು. ಅದೂ ಮಗ, ಮಗಳು, ಸೊಸೆ, ಮಗಳ ಗಂಡ, ಇಷ್ಟೇ ಜನಕ್ಕೆ. ಬೇರೆ ನೆಂಟರು ಬಾಯಿ ಬಡಿದುಕೊಂಡರೂ ಇಲ್ಲ.

ಮೇಡಂ ಮುಂದಿನ ವಾರ ಬರುವವರಿದ್ದರು. ಮಾವ ಅವಸರ ಮಾಡಿಕೊಂಡರು.

ತುಂಡು ಹೋದರೆ ಅವನಿಗೆ ಉಳಿದಿದ್ದು ಇಟ್ಟಿಗೆ ಗೂಡು. ಮದುವೆಗೆ ಮುಂಚೆ ಅಲ್ಲೇ ಬೆಂದವನು. ಈಗಲೂ ಮಳೆ ಮೋಡ ಕಂಡರೆ ಎದೆ ಸುಯ್ಯೆನ್ನುತ್ತಿತ್ತು. ಹೆಂಡತಿ ತುಂಬು ಬಸುರಿ. ಆ ಹೊಗೆಯಲ್ಲಿ, ತಗಡಿನ ಶೆಡ್ಡಿನಲ್ಲಿ, ಆ ಮಗು ಕಣ್ಣು ಬಿಡಬೇಕೆ? ಹೆತ್ತವರ ಕಡೆಯಿಂದ ಒಂದು ನರಪಿಳ್ಳೆಯೂ ಇಲ್ಲದವನಿಗೆ, ಬಾ ಅಂತ ಕರೆದು ಅನ್ನ ಹಾಕಿದ್ದು ಮಾವ ಒಬ್ಬರೇ. ಅವರನ್ನೇ ಕುಂಬಳದ ಪಾತಿಯ ಕೆಳಗೆ ಮಲಗಿಸಿ, ಬಳ್ಳಿಯನ್ನು ಮೊದಲಿನ ಹಾಗೆಯೇ ಎಳೆದು ಹರಡಿದ. “ತಪ್ಪಾಯ್ತು ಮಾವ, ನಿಮ್ಮ ಮೊಮ್ಮಗುವಿಗಾಗಿ” ಅಂದ.

ಮೊದಲ ಹೆಜ್ಜೆ ಇಟ್ಟ ಮೇಲೆ ಮುಂದಿನದೆಲ್ಲ ನೀರು ಕುಡಿದಷ್ಟು ಸುಲಭವಾಗಿ ಹೊಳೆಯಿತು. ಮಾವನನ್ನು ಬಲ್ಲ ಹಳೇ ಸಾಹೇಬರು ವರ್ಗವಾಗಿದ್ದರು. ಮೇಡಂ ಹೊಸಬರು. ಕಚೇರಿಯ ಫೋಟೊದಲ್ಲಿ ಮಾವ ಇನ್ನೂ ಹುರಿಮೀಸೆಯ ಹುಡುಗ. ಕಾಲುವೆ ನೀರಿಗಾಗಿ ಎಲ್ಲರ ಹತ್ತಿರವೂ ಜಗಳ ಕಾದಿದ್ದ ಮುದುಕನ ಮನೆಯ ಕಡೆ ಅಕ್ಕಪಕ್ಕದ ತುಂಡಿನವರು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಹಾಗಾದರೆ ಬೇಕಾಗಿದ್ದೇನು? ಒಬ್ಬ ಮುದುಕ, ಅಷ್ಟೇ. ಊರಲ್ಲಿ ಮುದುಕರಿಗೇನು ಬರವೆ?

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಬ್ಬ ಸಿಕ್ಕ. ಹಿಂದೆ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವನು. ಕಂಪನಿ ಮುಳುಗಿತು, ಕಿರೀಟ ಹೋಯಿತು, ಹೆಸರು ಮಾತ್ರ ಉಳಿಯಿತು: ಮಹಾರಾಜ. ಎರಡು ಹೊತ್ತು ಬಿಸಿ ಊಟ, ಮಲಗೋಕೆ ಹಾಸಿಗೆ ಅಂದಿದ್ದಕ್ಕೆ ಮಹಾರಾಜ ಚೀಲ ಹೆಗಲಿಗೇರಿಸಿ ಹೊರಟೇ ಬಿಟ್ಟ.

“ಇವತ್ತಿಂದ ನೀವು ನನ್ನ ಮಾವ. ನಾನು ನಿಮ್ಮ ಅಳಿಯ” ಅಂತ ದಾರಿಯಲ್ಲೇ ಪಾಠ ಶುರುವಾಯಿತು.

ಮುದುಕನ ಕಣ್ಣು ಒದ್ದೆಯಾಯಿತು. “ಮಾವ ಅಂತ ಕರೆಸಿಕೊಂಡು ಎಷ್ಟು ಕಾಲವಾಯ್ತಪ್ಪ!”

ಒಳ್ಳೇ ಲಕ್ಷಣ ಅಂದುಕೊಂಡ ಅಳಿಯ.

ಮನೆಯಲ್ಲಿ ಹೆಂಡತಿ ಮಾತ್ರ ಬಾಗಿಲಿಗೆ ಒರಗಿ ಕಲ್ಲಾಗಿ ನಿಂತಳು. ಒಳಗೆ ಕರೆದು ಸಮಾಧಾನ ಮಾಡಲು ಹೋದರೆ ಸಿಡಿದಳು. “ಇನ್ನೊಬ್ಬನ್ನ ಅಪ್ಪ ಅನ್ನಲ್ಲ ರೀ ನಾನು. ಸತ್ತರೂ ಅನ್ನಲ್ಲ. ನನ್ನ ಸುದ್ದಿನೇ ಅವನ ಬಾಯಲ್ಲಿ ಬರಬಾರದು.”

“ಆಯ್ತು ಮಾರಾಯ್ತಿ. ನೀನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ತುಂಡು ನನ್ನ ಹೆಸರಿಗೇ ಹೇಳಿಸ್ತೀನಿ. ನಂದಾದರೇನು, ನಿಂದಾದರೇನು?”

ಹೊರಗೆ ಬಂದು ಮಹಾರಾಜನಿಗೆ, “ನನ್ನ ಹೆಂಡತಿ. ಮಾತು ಕಮ್ಮಿ” ಅಂದ. ಆ ಮಾತು ಅಲ್ಲಿಗೇ ಮುಗಿಯಿತು.

ಮಿಕ್ಕಿದ್ದನ್ನೆಲ್ಲ ಅರೆದು ಕುಡಿಸಿದ. ಮಾವ ಕೆಮ್ಮುತ್ತಿದ್ದ ರೀತಿ, ಮಣ್ಣನ್ನು ಚಿಟಿಕೆಯಲ್ಲಿ ತೆಗೆದು ಮೂಸುತ್ತಿದ್ದ ರೀತಿ, ಬೋರಲು ಹಾಕಿದ ತೊಟ್ಟಿಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದದ್ದು, ಯಾವ ಪಾತಿಗೆ ಯಾವ ಬೆಳೆಯ ನಂತರ ಏನು ಹಾಕುತ್ತಿದ್ದರು, ಪಕ್ಕದ ತುಂಡಿನವನ ಜೊತೆ ಜಗಳ ಯಾಕೆ ಬಂತು, ಎಲ್ಲವನ್ನೂ. ಮಹಾರಾಜ ಒಂದೇ ಸಲಕ್ಕೆ ಹಿಡಿದುಬಿಡುತ್ತಿದ್ದ. ಒಮ್ಮೆ ಅವನು ತೊಟ್ಟಿಯ ಮೇಲೆ ಕೂತು ಕೆಮ್ಮಿದಾಗ ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು, ಆಮೇಲೆ ಬಿಕ್ಕುವ ಸದ್ದು. ಅಳಿಯ ಒಳಗೆ ಹೋಗಿ ಪಾತ್ರೆ ಎತ್ತಿಟ್ಟು ಬಂದ. ಆದರೂ, ಮಗಳೇ ಬೆಚ್ಚಿದಳೆಂದರೆ ಮೇಡಂ ಯಾವ ಲೆಕ್ಕ ಅನ್ನಿಸದೇ ಇರಲಿಲ್ಲ.

“ಒಂದೇ ಮಾತು ನೆನಪಿರಲಿ ಮಾವ. ಕೇಳಿದಷ್ಟಕ್ಕೆ ಉತ್ತರ. ಪಾತ್ರ ಬೆಳೆಸಬೇಡಿ.”

“ಅಯ್ಯೋ, ಪಾತ್ರ ಅಂದಮೇಲೆ ಒಂಚೂರು ಉಪ್ಪು ಖಾರ ಬೇಡವೇನೋ ಅಳಿಯ?”

“ಬೇಡ. ನಿಮ್ಮ ದಮ್ಮಯ್ಯ.”

ಆಮೇಲಿನದೂ ಯೋಚಿಸಿಟ್ಟಿದ್ದ. ಕೆಲಸ ಆದಮೇಲೆ ಮಹಾರಾಜ ಚೀಲ ಹಿಡಿದು ಬಸ್ಸು ಹತ್ತುತ್ತಾನೆ. ಮಾವ ಮುನಿಸಿಕೊಂಡು ಊರು ಬಿಟ್ಟರು ಅಂದರಾಯಿತು. ಆ ಮುದುಕನ ಮುನಿಸು ಗೊತ್ತಿದ್ದವರು ಯಾರೂ ಎರಡನೇ ಪ್ರಶ್ನೆ ಕೇಳರು.

ಮೇಡಂ ಹೇಳಿದ ದಿನವೇ ಬಂದರು. ಗಡಸು ಹೆಂಗಸಿರಬಹುದು ಅಂತ ಹೆದರಿದ್ದರೆ, ಕೆಸರಿಗೆ ಬೇಸರಿಸದೆ, ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪಾತಿಯೆಲ್ಲ ಸುತ್ತಿದರು. ಕುಂಬಳದ ಹತ್ತಿರ ನಿಂತು, “ಏನು ಹಾಕ್ತೀರಪ್ಪ ಇದಕ್ಕೆ? ಹೀಗೆ ಬಂದಿದೆ!” ಅಂದಾಗ ಅಳಿಯ ಕಾಲುವೆಯತ್ತ ಮುಖ ತಿರುಗಿಸಿದ. ಮಹಾರಾಜ ಕೆಮ್ಮಿ, ಒಂದು ಚಿಟಿಕೆ ಮಣ್ಣು ಮೂಸಿ, “ಮೈ ಬಗ್ಗಿಸಿದರೆ ಬರುತ್ತೆ ತಾಯಿ” ಅಂದ. ಸಾಕ್ಷಾತ್ ಮಾವನೇ!

ಜಗಲಿಯ ಕುರ್ಚಿಯಲ್ಲಿ ಕೂತು ಮೇಡಂ ಕೇಳಿದರು. “ಹೇಳಿ ತಾತ, ನಿಮ್ಮ ನಂತರ ಈ ತುಂಡು ಯಾರಿಗೆ?”

“ನನ್ನ ಅಳಿಯನಿಗೆ” ಅಂದ ಮಹಾರಾಜ. ಸಿಂಹಾಸನ ದಾನ ಮಾಡುವ ದನಿ.

“ಸಂತೋಷ. ಹಾಗೇ ಮಾಡೋಣ.”

ಆಯಿತು! ಅಳಿಯ ಕಂಬ ಹಿಡಿದುಕೊಂಡ. ಮಗು ಇಲ್ಲೇ ಹುಟ್ಟುತ್ತದೆ. ಇಲ್ಲೇ ಮಣ್ಣಾಡುತ್ತದೆ. ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿ ಎಷ್ಟೋ ದಿನದ ಮೇಲೆ ನಕ್ಕ.

ಮೇಡಂ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಆ ತುಂಬಿದ ಹೊಟ್ಟೆಯತ್ತ ನೋಡಿ, ಹೋಗುವ ಮುಂಚೆ ಒಂದು ಒಳ್ಳೇ ಮಾತಿರಲಿ ಅಂತ, “ಮಗಳಿಗೆ ಎಷ್ಟು ತಿಂಗಳು ತಾತ?” ಅಂದರು. “ಮಗಳಾ!” ಮಹಾರಾಜ ಹೊಟ್ಟೆ ಹಿಡಿದು ನಕ್ಕ. “ಮದುವೆನೇ ಆಗದವನಿಗೆ ಮಗಳೆಲ್ಲಿಂದ ಬರಬೇಕು ತಾಯಿ? ಅವಳು ನಮ್ಮ ಅಳಿಯನ ಹೆಂಡತಿ. ಇವನು ನನ್ನ ಅಕ್ಕನ ಮಗ, ಈ ತೋಳಲ್ಲಿ ಎತ್ತಿ ಆಡಿಸಿದ ಅಳಿಯ!” ಉಪ್ಪು ಖಾರ ಹದವಾಗಿ ಬಿತ್ತಲ್ಲ ಅನ್ನುವಂತೆ ಅವನತ್ತ ತಿರುಗಿ ಕಣ್ಣು ಮಿಟುಕಿಸಿದ. ಮೇಡಂ ಒಂದು ಚಪ್ಪಲಿಯಲ್ಲೇ ನಿಂತು, ಮೆತ್ತಗೆ, “ಕಚೇರಿ ಪುಸ್ತಕದಲ್ಲಿ ಮಗಳಿದ್ದಾಳಲ್ಲ. ಇಲ್ಲಿ ಮಗಳ ಜೊತೆ ಇದ್ದ ತಾತ ಎಲ್ಲಿ?” ಅಂತ ಕೇಳಿದರು. ಹೆಂಡತಿ “ಅಪ್ಪಾ!” ಅಂತ ಚೀರಿ ಕುಂಬಳದ ಪಾತಿಯತ್ತ ಓಡಿದಳು. ಅವನು ಕಂಬ ಹಿಡಿದೇ ಕುಸಿದ. ಕೆಮ್ಮು ಕಲಿಸಿದ್ದ, ಮಣ್ಣು ಮೂಸುವುದು ಕಲಿಸಿದ್ದ, ಜಗಳಗಳನ್ನೂ ಬಿಡದೆ ಕಲಿಸಿದ್ದ. ಮಾವ ಅಂದರೆ ಹೆಣ್ಣು ಕೊಟ್ಟ ಮಾವ, ತಾಯಿಯ ತಮ್ಮನಲ್ಲ ಅನ್ನುವ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ.