ಆರು ಗಂಟೆಯ ಖಾಲಿ ಬೆಂಚು

"ರೀ ಉದ್ದ ಮನುಷ್ಯ! ಸ್ವಲ್ಪ ಬಗ್ತೀರಾ? ನನ್ನ ಫೋಟೋದಲ್ಲಿ ಮದುಮಗಳಿಗಿಂತ ನಿಮ್ಮ ಬೆನ್ನೇ ದೊಡ್ಡದಾಗಿ ಬರ್ತಿದೆ!"

ಚರ್ಚಿನೊಳಗೆ ಪಿಸುಮಾತಿನಲ್ಲಿ ಬೈಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಸಾಸ್ಕಟೂನ್ ಊರಿನಲ್ಲಿ ಎಂಟು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದ ಡೇರಿಯಾಗೆ ಅದು ಕರಗತವಾಗಿತ್ತು. ಬೈಸಿಕೊಂಡವನು ಐನಾರ್. ವಿನ್ನಿಪೆಗ್‌ನಿಂದ ಬಂದಿದ್ದ ಅವನನ್ನು ಎರಡನೇ ಕ್ಯಾಮೆರಾಕ್ಕೆಂದು ಅವಳೇ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಅವತ್ತೇ ಮೊದಲ ದಿನ!

ಅವನು ತಿರುಗಿ ನೋಡಿದ. ಬಗ್ಗುವುದಿರಲಿ, ನೆಲದ ಮೇಲೆ ಕುಳಿತೇ ಬಿಟ್ಟ.

"ಈಗ ಸರೀನಾ ಮೇಡಂ? ಇನ್ನೂ ಕೆಳಗೆ ಅಂದ್ರೆ ನೆಲ ಅಗೀಬೇಕು."

ನಗು ತಡೆದುಕೊಳ್ಳಲು ಹೋಗಿ ಡೇರಿಯಾಳ ಕೈ ಅಲುಗಿತು. ಉಂಗುರ ತೊಡಿಸುವ ಫೋಟೋ ಮಸುಕಾಯಿತು. ಎಂಟು ವರ್ಷದಲ್ಲಿ ಮೊದಲ ಸಲ!

'ಈ ಮನುಷ್ಯ ನನ್ನ ಕೆಲಸ ಕೆಡಿಸ್ತಾನೆ...' ಅಂದುಕೊಂಡಳು. ಕೆಲಸವಲ್ಲ, ಮನಸ್ಸು ಕೆಡುತ್ತಿದೆ ಎಂದು ತಿಳಿಯಲು ಅವಳಿಗೆ ಆಗಸ್ಟ್ ತಿಂಗಳು ಬರಬೇಕಾಯಿತು.

ಆ ಬೇಸಿಗೆಯಿಡೀ ಇಬ್ಬರೂ ಡೇರಿಯಾಳ ಮನೆಯಲ್ಲಿ ಒಂದೇ ಮೇಜಿನ ಮುಂದೆ ಕುಳಿತು ಸಾವಿರಾರು ಫೋಟೋಗಳನ್ನು ಹೆಕ್ಕಿದರು, ತಿದ್ದಿದರು, ಜಗಳವಾಡಿದರು. ಜಗಳವೆಲ್ಲ ಅವಳು ಫೋಟೋ ತಿದ್ದುತ್ತಿದ್ದ ಹಳೆಯ ಸಾಫ್ಟ್‌ವೇರಿನದೇ.

"ಇದು ನಿಮ್ಮಜ್ಜಿಗಿಂತ ಹಳೇದು ಕಣ್ರೀ. ಒಂದು ಫೋಟೋ ತೆರೆಯೋಷ್ಟರಲ್ಲಿ ಮದುಮಕ್ಕಳಿಗೆ ಮಗು ಆಗಿರುತ್ತೆ. ಅದೂ ಅಲ್ದೆ, ನಿಮ್ಮ ಫೋಟೋ ಒಂದು ಕಡೆ, ನನ್ನದು ಇನ್ನೊಂದು ಕಡೆ. ಎರಡನ್ನೂ ಸೇರ್ಸೋಕೇ ಬರಲ್ಲ ಇದಕ್ಕೆ."

"ಅಜ್ಜಿ ಸುದ್ದಿಗೆ ಬಂದ್ರೆ ಪೆರೊಗಿ ಬಂದ್!"

ಅಷ್ಟು ಸಾಕು, ಐನಾರ್ ಬಾಯಿ ಮುಚ್ಚುತ್ತಿದ್ದ. ಆ ಮನೆಯಲ್ಲೇ ಇದ್ದ ಅಜ್ಜಿ ಸ್ಟೆಫಾನಿಯಾ ಬೇಯಿಸಿ ಕೊಡುತ್ತಿದ್ದ, ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೊಗಿಯನ್ನು ಅವನು ಒಂದೇ ಊಟಕ್ಕೆ ಹನ್ನೆರಡು ತಿನ್ನುತ್ತಿದ್ದ. ಜೂನ್ ಮುಗಿಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಜುಲೈನಲ್ಲಿ ಊರಿಗೆ ಹೋಗಿದ್ದ ಐನಾರ್ ಅಲ್ಲಿಂದ ಹೊಸ ಕ್ಯಾಮೆರಾ ಕೊಂಡು ತಂದ. ಹೇಳಬೇಕಾದ ಮಾತು ಮಾತ್ರ ಇಬ್ಬರ ಬಾಯಿಂದಲೂ ಬಂದಿರಲಿಲ್ಲ.

ಆಗಸ್ಟ್‌ನಲ್ಲಿ ಡೇರಿಯಾಳ ಚಿಕ್ಕಮ್ಮನ ಮಗಳು ಒಕ್ಸಾನಾಳ ಮದುವೆ. ಅವತ್ತು ಬೆಳಿಗ್ಗೆ ಡೇರಿಯಾ ಧೈರ್ಯ ಮಾಡಿಯೇ ಬಿಟ್ಟಳು.

"ಐನಾರ್, ಸಂಜೆ ಆರಕ್ಕೆ ಎಲ್ರೂ ಊಟಕ್ಕೆ ಕೂತಾಗ ಹಾಲ್ ಹಿಂದಿನ ನದಿ ದಂಡೆಗೆ ಬಾ. ಬೆಂಚ್ ಹತ್ರ. ಒಂದು ಮಾತಿದೆ."

"ಬೈಯೋ ಮಾತಾ?"

"ಬಂದ್ರೆ ಗೊತ್ತಾಗುತ್ತೆ."

ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಆ ದಿನವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ.

ಆರಕ್ಕೆ ಸರಿಯಾಗಿ ಬೆಂಚಿನ ಮೇಲೆ ಕುಳಿತಳು. ನದಿಯಲ್ಲಿ ಪೆಲಿಕನ್ ಹಕ್ಕಿಗಳು ತೇಲುತ್ತಿದ್ದವು. ಹೊತ್ತು ಹೋಗಲಿ ಎಂದು ಅವುಗಳ ಫೋಟೋ ತೆಗೆದಳು. ಆರೂಕಾಲು... ಆರೂವರೆ... ಏಳು!

ಐನಾರ್ ಬರಲಿಲ್ಲ.

ಅವಳು ಒಳಗೆ ಹೋದಾಗ ಅವನು ಕುಣಿಯುವವರ ನಡುವೆ ನಿಂತು ಫೋಟೋ ತೆಗೆಯುತ್ತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ. 'ಏನು ಹೇಳ್ತೀನಿ ಅಂತ ಗೊತ್ತಾಗಿಯೇ ಬರಲಿಲ್ಲ ಇವನು...' ಎಂದುಕೊಂಡಳು. ಕೇಳಬಹುದಿತ್ತು. ಕೇಳಲಿಲ್ಲ. ಸ್ವಾಭಿಮಾನ ಎಂಬ ಹಾಳು ವಸ್ತು ಇರುವುದೇ ಇಂಥ ಹೊತ್ತಿನಲ್ಲಿ ಬಾಯಿ ಕಟ್ಟಿಹಾಕಲು!

ಸೋಮವಾರ ಅವನೇ ಬಂದ. ಒಕ್ಸಾನಾಳ ಮದುವೆಯ ಫೋಟೋಗಳಿದ್ದ ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟ.

"ವಿನ್ನಿಪೆಗ್‌ಗೆ ಹೋಗ್ತಿದೀನಿ. ಅಣ್ಣನ ಕ್ಯಾಮೆರಾ ಅಂಗಡಿಲಿ ಜನ ಬೇಕಂತೆ."

"ಒಳ್ಳೇದು. ಹೋಗು."

"ಹೋಗ್ಲಾ?"

"ಹೋಗು ಅಂದ್ನಲ್ಲ!"

ಅವನು ಬಾಗಿಲಲ್ಲಿ ಒಂದು ಕ್ಷಣ ನಿಂತ. ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. ಆ ಪರದೆ ಆಫ್ ಆಗಿತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಸೆಪ್ಟೆಂಬರ್ ಹೋಯಿತು. ಅಕ್ಟೋಬರ್‌ನಲ್ಲಿ ಮರಗಳೆಲ್ಲ ಬೋಳಾದವು. ಒಕ್ಸಾನಾ ದಿನಕ್ಕೆರಡು ಸಲ ಫೋನ್ ಮಾಡಿ "ಅಕ್ಕಾ, ನನ್ನ ಆಲ್ಬಮ್ ನನ್ನ ಮೊಮ್ಮಕ್ಕಳಿಗೆ ಕೊಡ್ತೀಯಾ?" ಎಂದು ಚುಚ್ಚುತ್ತಿದ್ದಳು. ಆದರೆ ಆ ಕಾರ್ಡ್ ತೆರೆಯಲು ಡೇರಿಯಾಗೆ ಕೈ ಬರುತ್ತಿರಲಿಲ್ಲ. 'ಹೇಗಿದ್ದೀಯ?' ಎಂದು ಫೋನಿನಲ್ಲಿ ಎಷ್ಟು ಸಲ ಬರೆದಳೋ, ಎಷ್ಟು ಸಲ ಅಳಿಸಿದಳೋ.

"ಆ ಹುಡುಗ ಹೋದ್ಮೇಲೆ ಪೆರೊಗಿ ಪಾತ್ರೆಲೇ ಉಳೀತಿದೆ. ನಿನ್ನ ಮುಖ ನೋಡಿದ್ರೆ ನಿನಗೂ ಹಸಿವಿಲ್ಲ ಅನ್ಸುತ್ತೆ," ಎಂದು ಅಜ್ಜಿ ಗೊಣಗುತ್ತಿದ್ದಳು.

ಅದೇ ಹೊತ್ತಿಗೆ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಹೊಸದರಲ್ಲಿ ಹಳೆಯ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಇನ್ನು ಹೊಸದನ್ನು ಆರಿಸದೆ ಗತಿಯಿರಲಿಲ್ಲ. ಮೂರನ್ನು ತಿಂಗಳ ಮಟ್ಟಿಗೆ ಪುಕ್ಕಟೆಯಾಗಿ ಹಾಕಿಕೊಂಡಳು. ಮೂರಕ್ಕೂ ಒಂದೇ ಮದುವೆಯ ಫೋಟೋ ಕೊಟ್ಟರೆ ತಾನೇ ಯಾವುದು ಮೇಲೆಂದು ತಿಳಿಯುವುದು? ಕೈಯಲ್ಲಿ ಉಳಿದಿದ್ದ ಮದುವೆ ಒಂದೇ. ಒಕ್ಸಾನಾಳದು.

ಮೊದಲನೆಯದು ಕುದುರೆಯಂತೆ ಓಡಿತು. ಆದರೆ ಮುಖಗಳಿಗೆಲ್ಲ ಮೈದಾ ಬಳಿದಂತೆ ಮಾಡಿತು. 'ಐನಾರ್ ಇದ್ದಿದ್ರೆ, ಇದು ಮದುವೆನಾ ಬೇಕರಿನಾ ಅಂತಿದ್ದ...' ಎನಿಸಿ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಎರಡನೆಯದರ ಬಣ್ಣ ಚೆಂದ. ಆದರೆ ಅವನು ಸಂಜೆಯ ಬೆಳಕಿಗೆ ಕೊಡುತ್ತಿದ್ದ ಆ ಬೆಚ್ಚನೆಯ ಹೊಂಬಣ್ಣ ಎಷ್ಟು ತಿದ್ದಿದರೂ ಅವಳಿಗೆ ಬರಲಿಲ್ಲ. ಎದುರಿನ ಖಾಲಿ ಕುರ್ಚಿಯ ಕಡೆ ಕಣ್ಣು ತಾನಾಗಿಯೇ ಹೋಗುತ್ತಿತ್ತು.

ಅಕ್ಟೋಬರ್ ಕೊನೆಯ ಶುಕ್ರವಾರ ಮಧ್ಯಾಹ್ನ ಮೂರನೆಯದನ್ನು ತೆರೆದಳು. ನೋಡಲು ಸಾದಾ. ಆದರೆ ಅದಕ್ಕೊಂದು ಗುಣವಿತ್ತು. ಎರಡೂ ಕ್ಯಾಮೆರಾದ ಫೋಟೋಗಳನ್ನು, ತೆಗೆದ ಗಳಿಗೆ ನೋಡಿ, ಒಂದರ ಪಕ್ಕ ಒಂದು ತಾನೇ ಜೋಡಿಸುತ್ತಿತ್ತು.

ಡೇರಿಯಾ ಫೋಟೋಗಳನ್ನು ಸರಿಸುತ್ತಾ ಹೋದಳು. ಸಂಜೆ ಆರು ಗಂಟೆಗೆ ಬಂದಾಗ ಬೆರಳು ನಿಂತಿತು.

6:02. ಐನಾರ್ ತೆಗೆದದ್ದು. ನದಿ ದಂಡೆ, ಖಾಲಿ ಬೆಂಚು.

6:03. ಅವಳು ತೆಗೆದದ್ದು. ಪೆಲಿಕನ್‌ಗಳು.

6:20. ಐನಾರ್. ಅದೇ ಖಾಲಿ ಬೆಂಚು.

6:48. ಐನಾರ್. ಮತ್ತೆ ಖಾಲಿ ಬೆಂಚು.

'ಬಂದಿದ್ದ! ಐನಾರ್ ಬಂದಿದ್ದ!'

ಅವಳು ಕುರ್ಚಿ ಎಳೆದು ಪರದೆಗೆ ಹತ್ತಿರವಾದಳು. ಮರುಕ್ಷಣವೇ ತಲೆ ಗಿರ್ರೆಂದಿತು. 'ಆದ್ರೆ ಆರೂ ಇಪ್ಪತ್ತಕ್ಕೆ ಈ ಬೆಂಚ್ ಮೇಲೆ ನಾನೇ ಕೂತಿದ್ದೆನಲ್ಲ! ಫೋಟೋದಲ್ಲಿ ನಾನೆಲ್ಲಿ? ನಾನೇನು ದೆವ್ವಾನಾ?'

ಗಡಬಡಿಸಿ ಕೇಕ್ ಕತ್ತರಿಸಿದ ಫೋಟೋ ಹುಡುಕಿದಳು. ಅವಳ ಕ್ಯಾಮೆರಾದಲ್ಲಿ 8:10. ಅವನದರಲ್ಲಿ ಅದೇ ಚಾಕು, ಅದೇ ನಗು... 9:10.

ಸರಿಯಾಗಿ ಒಂದು ಗಂಟೆ!

"ಅಜ್ಜೀ! ಐನಾರ್ ಕ್ಯಾಮೆರಾ ಒಂದು ಗಂಟೆ ಮುಂದೆ ಓಡ್ತಿತ್ತು! ಯಾಕೆ?"

"ಎಲ್ಲಿ ಕೊಂಡಿದ್ದು?"

"ಜುಲೈನಲ್ಲಿ ಊರಿಗೆ ಹೋಗಿದ್ದಾಗ... ವಿನ್ನಿಪೆಗ್‌ನಲ್ಲಿ."

"ಅದಕ್ಕೇ. ಬೇಸಿಗೆಲಿ ಅವ್ರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರಲ್ಲೇ, ನಮ್ಮೂರಲ್ಲಿ ತಿರುಗಿಸಲ್ಲ. ನಿಮ್ಮ ಮಾವ ಅಲ್ಲಿಂದ ಫೋನ್ ಮಾಡಿ ಊಟ ಆಯ್ತಾ ಅಂತಾನೆ, ನಾನಿಲ್ಲಿ ಆಗಷ್ಟೇ ಒಲೆ ಹಚ್ಚಿರ್ತೀನಿ."

ಡೇರಿಯಾ ಹಣೆ ಚಚ್ಚಿಕೊಂಡಳು. ಸಾಸ್ಕಟೂನಿನಲ್ಲಿ ಹುಟ್ಟಿ ಬೆಳೆದವಳು. ಜನ್ಮದಲ್ಲಿ ಗಡಿಯಾರ ತಿರುಗಿಸಿದವಳಲ್ಲ. ಅವಳಿಗೆ ಹೊಳೆಯುವುದಾದರೂ ಹೇಗೆ? ಮದುವೆ ಮನೆಯಲ್ಲಿ ಫೋನ್ ಕಾರಿನಲ್ಲೇ ಇರಬೇಕೆಂಬ ನಿಯಮ ಮಾಡಿದವಳೂ ಅವಳೇ. ಪಾಪ, ಅವನು ಕ್ಯಾಮೆರಾ ನೋಡಿಯೇ ಹೊತ್ತು ತಿಳಿದುಕೊಂಡಿದ್ದ.

ಆ ಸಾಫ್ಟ್‌ವೇರಿನಲ್ಲಿ ಗಳಿಗೆ ತಿದ್ದುವ ಗುಂಡಿಯೂ ಇತ್ತು. ಅವನ ಫೋಟೋಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ಸರಿಸಿದಳು. ಅವನು ಬೆಂಚಿನ ಬಳಿ ತೆಗೆದ ಕೊನೆಯ ಫೋಟೋ 5:48ಕ್ಕೆ ಬಂದು ನಿಂತಿತು. ಅವಳು ಅಲ್ಲಿಗೆ ಹೋದದ್ದು ಆರಕ್ಕೆ.

ಹನ್ನೆರಡೇ ನಿಮಿಷ! ಅವನೂ ಕಾದಿದ್ದ, ಹೆಚ್ಚುಕಡಿಮೆ ಇವಳಷ್ಟೇ ಕಾದಿದ್ದ. ಇವಳು ಬರಲಿಲ್ಲವೆಂದು ಮನಸ್ಸು ಮುರಿದುಕೊಂಡು ಎದ್ದುಹೋಗಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗಡಿಯಾರದ ತಪ್ಪಿಗೆ ಅವಳು ಅವನನ್ನೇ ಊರು ಬಿಡಿಸಿದ್ದಳು.

"ಅಳೋದು ಆಮೇಲೆ. ಮೊದ್ಲು ಫೋನ್ ಮಾಡು," ಎಂದಳು ಅಜ್ಜಿ.

"ಫೋನಲ್ಲಿ ಹೇಳೋ ಮಾತಲ್ಲ ಅಜ್ಜಿ. ಅವನ ಮುಖ ನೋಡ್ಬೇಕು ನಾನು."

"ಅದಕ್ಕೆ ಎಂಟು ಗಂಟೆ ಕಾರ್ ಓಡಿಸ್ತೀಯಾ?"

"ಹೂಂ."

"ಹಾಗಿದ್ರೆ ನಿಮ್ಮ ಮಾವನ ಮನೇಲಿ ಉಳ್ಕೋ. ಹಿಮ ಬಿದ್ರೆ ನಿಧಾನಕ್ಕೆ ಹೋಗು."

ಭಾನುವಾರ ಮಧ್ಯಾಹ್ನ. ವಿನ್ನಿಪೆಗ್‌ನ ಆ ಪುಟ್ಟ ಅಂಗಡಿಯಲ್ಲಿ ಐನಾರ್ ಒಬ್ಬನೇ ಲೆನ್ಸ್ ಒರೆಸುತ್ತಿದ್ದ. ಬಾಗಿಲ ಗಂಟೆ ಸದ್ದಾಯಿತು. ತಲೆಯೆತ್ತಿದವನು ಹಾಗೇ ನಿಂತುಬಿಟ್ಟ. ಎಷ್ಟು ಸೊರಗಿದ್ದಾನೆ! ಎಂದುಕೊಂಡಳು ಡೇರಿಯಾ.

ಸೀದಾ ಲ್ಯಾಪ್‌ಟಾಪ್ ತೆರೆದು ಅವನ ಮುಂದಿಟ್ಟಳು.

"ಈ ಫೋಟೋ ಯಾವಾಗ ತೆಗೆದೆ?"

ಅವನ ಮುಖ ಬಾಡಿತು. "ಇದನ್ನ ಕೇಳೋಕೆ ಇಷ್ಟು ದೂರ ಬಂದ್ಯಾ? ಆರಕ್ಕೆ. ನೀನು ಬಾ ಅಂದಿದ್ದೆ, ಬಂದೆ. ನೀನೇ ಬರಲಿಲ್ಲ."

"ಐದಕ್ಕೆ ಕಣೋ ದಡ್ಡ! ನಿನ್ನ ಕ್ಯಾಮೆರಾ ವಿನ್ನಿಪೆಗ್ ಟೈಮ್‌ನಲ್ಲಿತ್ತು! ನೀನು ಎದ್ದುಹೋದ ಹನ್ನೆರಡು ನಿಮಿಷಕ್ಕೆ ನಾನು ಬಂದೆ. ಏಳರವರೆಗೂ ಅಲ್ಲೇ ಕೂತಿದ್ದೆ..."

ಐನಾರ್ ಪರದೆಯನ್ನು ನೋಡಿದ. ಅವಳನ್ನು ನೋಡಿದ. ಕೈಯಲ್ಲಿದ್ದ ಲೆನ್ಸನ್ನು ಮೆಲ್ಲಗೆ ಕೆಳಗಿಟ್ಟ.

"ನೀನು ಕಾದಿದ್ಯಾ?"

"ಮೂರು ತಿಂಗಳಿಂದ ಕಾಯ್ತಾನೇ ಇದೀನಿ."

ಅವನ ಕಣ್ಣು ತುಂಬಿತು. ಕೌಂಟರ್ ಸುತ್ತಿ ಅವಳ ಹತ್ತಿರ ಬಂದ.

"ಅವತ್ತು ಏನು ಹೇಳ್ಬೇಕು ಅಂತಿದ್ದೆ?"

"ನನ್ ಜೊತೆಗೇ ಇದ್ಬಿಡು ಅಂತ. ಕೆಲಸಕ್ಕಲ್ಲ... ಬದುಕೋಕೆ. ನೀನಿಲ್ದೆ ನನ್ನಿಂದ ಆಗ್ತಿಲ್ಲ ಐನಾರ್!"

ಅವನು ಅವಳನ್ನು ಎದೆಗೆ ಒರಗಿಸಿಕೊಂಡ. "ನಾನೂ ಅದನ್ನೇ ಹೇಳೋಣ ಅಂತ ಬಂದಿದ್ದೆ. ಒಂದು ಗಂಟೆ ಮುಂಚೆ ಬಂದ್ಬಿಟ್ಟೆ, ಅಷ್ಟೇ."

ಡೇರಿಯಾ ಅಳುತ್ತಲೇ ನಕ್ಕಳು. ಆಮೇಲೆ ಅವನು ಗೋಡೆಯ ಗಡಿಯಾರದತ್ತ ಕೈ ತೋರಿಸಿದ.

"ನೋಡು, ನವೆಂಬರ್ ಬಂತು. ಬೆಳಿಗ್ಗೆ ತಾನೇ ಇದನ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ದೆ. ಇವತ್ತಿಂದ ನಮ್ಮೂರಿಗೂ ನಿಮ್ಮೂರಿಗೂ ಒಂದೇ ಟೈಮ್."

"ಎಲ್ಲಿವರೆಗೆ?"

"ಮಾರ್ಚ್‌ವರೆಗೆ. ಆಮೇಲೆ ಮತ್ತೆ ಮುಂದಕ್ಕೆ ತಿರುಗಿಸ್ಬೇಕು."

"ನಿಮ್ಮಣ್ಣ ತಿರುಗಿಸ್ಲಿ," ಎಂದಳು ಡೇರಿಯಾ, ಅವನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಮಾರ್ಚ್‌ನಲ್ಲಿ ನೀನೆಲ್ಲಿ ಇಲ್ಲಿರ್ತೀಯ?"